ಉಡುಗೊರೆಗೆ ಕಾಫಿ ಲಿಕ್ಯೂರ್

ಕಾಫಿ, ಸಕ್ಕರೆ ಮತ್ತು ಮದ್ಯ ಸೇರಿದ ಸಿಹಿ ಪಾನೀಯವೇ ಕಾಫಿ ಲಿಕ್ಯೂರ್. ಇವುಗಳಲ್ಲಿ ಹೆಸರುವಾಸಿಯಾದ ಕಲುವಾ 1936ರಲ್ಲಿ ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ಹುಟ್ಟಿತು. ಅರೇಬಿಕಾ ಕಾಫಿ ಮತ್ತು ಕಬ್ಬಿನ ರಮ್ ಅದರ ಜೀವಾಳ. ಮನೆಯಲ್ಲಿ ಮಾಡುವವರು ಭಟ್ಟಿ ಇಳಿಸುವುದಿಲ್ಲ. ಅಂಗಡಿಯಿಂದ ತಂದ ರಮ್ಮಿಗೋ ವೋಡ್ಕಾಕ್ಕೋ ರುಚಿ ಕೂಡಿಸುತ್ತಾರೆ, ಅಷ್ಟೆ.

ಎಲ್ಲವೂ ನಿಂತಿರುವುದು ಡಿಕಾಕ್ಷನ್ ಮೇಲೆ. ಚಿಕೋರಿ ಬೆರೆತ ಪುಡಿ ಇಲ್ಲಿ ಒಗ್ಗದು; ಹಾಲಿನಲ್ಲಿ ಮುಚ್ಚಿಹೋಗುವ ಅದರ ಕಹಿ ಮದ್ಯದಲ್ಲಿ ಎದ್ದು ಕಾಣುತ್ತದೆ. ಕೊಡಗು, ಚಿಕ್ಕಮಗಳೂರಿನ ಶುದ್ಧ ಅರೇಬಿಕಾ ಇದ್ದರೆ ಚೆನ್ನ. ಬಿಸಿ ಡಿಕಾಕ್ಷನ್‌ನಲ್ಲಿ ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆಯೇ ಮದ್ಯ ಬೆರೆಸಬೇಕು. ಬಿಸಿಗೆ ಸುರಿದರೆ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಉದ್ದಕ್ಕೆ ಸೀಳಿದ ವೆನಿಲಾ ಬೀನ್ಸ್ ಹಾಕಿ ಗಾಜಿನ ಜಾಡಿಯನ್ನು ಕತ್ತಲಲ್ಲಿಡುವುದು ರೂಢಿ. ಮೊದಲ ದಿನ ಗಂಟಲು ಕೆರೆಯುವ ಪಾನೀಯ ಮೂರು ವಾರಗಳಲ್ಲಿ ಹದಕ್ಕೆ ಬರುತ್ತದೆ. ಕ್ರಿಸ್‌ಮಸ್‌ಗೆ ಕೊಡುವವರು ನವೆಂಬರ್‌ನಲ್ಲೇ ಕೈಹಚ್ಚುವುದು ಲೇಸು.

ಶೇ. 42.8 ಮದ್ಯಸಾರದ ರಮ್ಮಿಗೆ ಸಮಪಾಲು ಸಿಹಿ ಡಿಕಾಕ್ಷನ್ ಸೇರಿದರೆ ಸುಮಾರು ಶೇ. 21 ಉಳಿಯುತ್ತದೆ. ನೋಡಲು ಮಾತ್ರ ಬರೀ ಡಿಕಾಕ್ಷನ್ನೇ! ಆದ್ದರಿಂದ ಮಕ್ಕಳಿರುವ ಮನೆಗೆ ಕೊಡುವ ಬಾಟಲಿಯ ಚೀಟಿಯಲ್ಲಿ ಮದ್ಯವಿದೆ ಎಂದು ದಪ್ಪಕ್ಷರದಲ್ಲಿ ಬರೆಯಲೇಬೇಕು. ಹಾಲು, ಕೆನೆ ಬೆರೆಸದಿದ್ದರೆ ಅದು ತಿಂಗಳುಗಟ್ಟಲೆ ಕೆಡದು.