ವರ್ಣವೂ ನೆಲೆಯೂ



ನಿಂತ ನೀರಿನ ಆಳದಲ್ಲಿ, ಮೇಲಣ ಪಾಚಿಯು ತನಗೆ ಬೇಕಾದ ಕಿರಣಗಳನ್ನು ಹೀರಿಕೊಂಡ ಬಳಿಕ ಕೆಳಗಿಳಿದುಬರುವ ಉಳಿಕೆಯ ಬೆಳಕನ್ನೇ ಆಶ್ರಯಿಸಿ ಬಾಳುವ ನೇರಳೆ ಬ್ಯಾಕ್ಟೀರಿಯಗಳ ವೃತ್ತಾಂತದಿಂದ, ಬಣ್ಣದ ಅಣುಗಳನ್ನೂ ಅವುಗಳಿಗೆ ನೆಲೆಯಾಗುವ ಪೆಪ್ಟೈಡುಗಳನ್ನೂ ಕುರಿತ ಈ ವಿಚಾರಗೋಷ್ಠಿಯನ್ನು ಆರಂಭಿಸಲು ತಮ್ಮ ಅನುಮತಿಯನ್ನು ಬೇಡುತ್ತೇನೆ. ಅವುಗಳಲ್ಲೊಂದರ ಬೆಳಕು ಹಿಡಿಯುವ ಪ್ರೋಟೀನಿನ ರಚನೆಯನ್ನು 1995ರಲ್ಲಿ ಗ್ಲಾಸ್ಗೋದ ವಿಜ್ಞಾನಿಗಳು ಎಕ್ಸ್ ಕಿರಣಗಳ ನೆರವಿನಿಂದ ಬಯಲಿಗೆ ತಂದಾಗ, ಒಂಬತ್ತು ಜೊತೆ ಪೆಪ್ಟೈಡು ಸುರುಳಿಗಳು, ಎಂದರೆ ಅಮೈನೋ ಆಮ್ಲಗಳ ಸರಪಣಿಯ ಸುರುಳಿಗಳು, ಬಳೆಯಂತೆ ವರ್ತುಲವಾಗಿ ನಿಂತು, ಬ್ಯಾಕ್ಟೀರಿಯೋಕ್ಲೋರೋಫಿಲ್ ಎಂಬ ಬಣ್ಣದ 27 ಅಣುಗಳನ್ನು ತಮ್ಮ ನಡುವೆ ಹಿಡಿದಿರುವುದು ಗೋಚರಿಸಿತು. ಅವುಗಳಲ್ಲಿ ಒಂಬತ್ತು ಪರಸ್ಪರ ದೂರದಲ್ಲಿ ಮಲಗಿ ಸುಮಾರು 800 ನ್ಯಾನೋಮೀಟರಿನ ಬೆಳಕನ್ನೂ, ಉಳಿದ ಹದಿನೆಂಟು ಒಂದಕ್ಕೊಂದು ಒತ್ತಾಗಿ ನೆಟ್ಟಗೆ ನಿಂತು 850ರ ಬೆಳಕನ್ನೂ ಹೀರುತ್ತವೆ. ಸಾವಯವ ದ್ರಾವಕದಲ್ಲಿ ಬಿಡಿಬಿಡಿಯಾಗಿರುವಾಗ ಅದೇ ಅಣು ಸುಮಾರು 770ರಲ್ಲಿ ಹೀರುತ್ತದೆ. ಅಣು ಒಂದೇ, ನೆರೆ ಬೇರೆ, ನೆಲೆ ಬೇರೆ.

ಬಣ್ಣದ ಅಣುಗಳು ಕ್ರಮವಾಗಿ ಕೂಡಿದಾಗ ಹೊಸ ಗುಣವನ್ನು ತಳೆಯುತ್ತವೆಂಬುದನ್ನು ಜೆಲಿ ಮತ್ತು ಷೈಬೆ ಎಂಬ ವಿಜ್ಞಾನಿಗಳು 1936ರಲ್ಲೇ, ಪ್ರತ್ಯೇಕವಾಗಿ, ಕಂಡಿದ್ದರು. ಆದರೆ ಅಂಥ ಅಣುಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಅವು ಮುದ್ದೆಗಟ್ಟಿ, ಹೀರಿದ ಬೆಳಕನ್ನು ವ್ಯರ್ಥವಾಗಿ ಶಾಖವಾಗಿಸುವುದೇ ಹೆಚ್ಚು. ಅವುಗಳಿಗೆ ಪೀಠವನ್ನೊದಗಿಸುವ ಕಾರ್ಯಕ್ಕೆ ಪೆಪ್ಟೈಡಿಗಿಂತ ಯೋಗ್ಯವಾದುದನ್ನು ನಾನು ಕಾಣೆ.

ಉದಾಹರಣೆಗೆ, ಎರಡೇ ಫಿನೈಲಲನೀನ್ ಅಮೈನೋ ಆಮ್ಲಗಳ ಜೋಡಿಯಾದ ಪುಟ್ಟ ಪೆಪ್ಟೈಡನ್ನು ನೋಡಿರಿ. ಫ್ಲೋರಿನ್‌ಯುಕ್ತ ಆಲ್ಕೋಹಾಲಿನಲ್ಲಿ ಕರಗಿಸಿದ ಇದರ ಬಿಳಿಯ ಪುಡಿಯನ್ನು ನೀರಿಗೆ ಬೆರೆಸಿದೊಡನೆ, ತಿಳಿಯಾಗಿದ್ದುದು ಕಣ್ಣೆದುರಿಗೇ ಮಸುಕಾಗುತ್ತದೆ. ಆ ಮಸುಕಿನಲ್ಲಿ ಕೂದಲೆಳೆಗಿಂತ ನೂರಾರು ಪಾಲು ತೆಳುವಾದ ಕೊಳವೆಗಳು ಹುಟ್ಟಿರುತ್ತವೆ. ಟೆಲ್ ಅವೀವ್‌ನ ವಿಜ್ಞಾನಿಗಳಾದ ರೆಚೆಸ್ ಮತ್ತು ಗಾಜಿಟ್ 2003ರಲ್ಲಿ ಇದನ್ನು ಪ್ರಕಟಿಸಿದರು. ಆಲ್ಝೈಮರ್ ರೋಗಿಯ ಮಿದುಳಿನಲ್ಲಿ ಎಳೆಗಟ್ಟುವ ಪ್ರೋಟೀನಿನೊಳಗೆ ಇದೇ ಜೋಡಿಯಿದೆಯೆಂಬುದು ಅವರಿಗೆ ದಾರಿ ತೋರಿದ ಸಂಗತಿ. ವ್ಯಾಧಿಯ ಮೂಲದಲ್ಲಿರುವ ಸ್ವಭಾವವೊಂದು ಹೀಗೆ ರಚನೆಗೆ ಒದಗಿಬಂದುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ವಿಸ್ಮಯಗೊಳ್ಳುತ್ತದೆ. ಇಂಥ ಪೀಠಕ್ಕೆ ಬಣ್ಣವನ್ನು ಕೂಡಿಸುವುದೂ ಸಾಧ್ಯ: ಧನಾವೇಶವುಳ್ಳ ಪೆಪ್ಟೈಡು ಋಣಾವೇಶದ ಪಾರ್ಫೈರಿನ್ ಎಂಬ ಬಣ್ಣದ ಅಣುಗಳನ್ನು ಸೆಳೆದು ತನ್ನ ಮಗ್ಗುಲಲ್ಲಿ ಸಾಲಾಗಿ ನಿಲ್ಲಿಸಿಕೊಂಡಿತೆಂದರೆ, ಒಂದು ಅಣುವಿಗೆ ದೊರೆತ ಬೆಳಕಿನ ಚೈತನ್ಯವು ಮುಂದಿನದಕ್ಕೆ ಹರಿಯತೊಡಗುತ್ತದೆ.

ಹೀಗೆ ಪೀಠವಾಗಬಲ್ಲ ಪೆಪ್ಟೈಡು ಸರಪಣಿಯು ಯಾವ ಕೋನಗಳಲ್ಲಿ ಬಾಗಬಲ್ಲದೆಂಬುದನ್ನು 1963ರಲ್ಲಿ ಮದರಾಸಿನಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ನಿರ್ಣಯಿಸಿದ ಜಿ. ಎನ್. ರಾಮಚಂದ್ರನ್ ಅವರು ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದರೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸುತ್ತೇನೆ.

ಈ ಗೋಷ್ಠಿಯಿಂದ ನಾನು ಬಯಸುವುದು ಹೊಸ ಅಣುಗಳ ಉದ್ದನೆಯ ಪಟ್ಟಿಯನ್ನಲ್ಲ. ಬೆರೆಸಿದ ಕ್ರಮ, ಉಷ್ಣತೆ, ಆಮ್ಲತೆ, ಒಣಗಲು ಬಿಟ್ಟ ಅವಧಿ ಇವುಗಳಲ್ಲಿ ಯಾವುದು ತುಸು ಬದಲಾದರೂ, ನಿನ್ನೆ ಎಳೆಯಾಗಿದ್ದುದು ಇಂದು ಹರಳಾಗುತ್ತದೆ, ಇಲ್ಲವೇ ಪಾತ್ರೆಯ ತಳದಲ್ಲಿ ಗಸಿಯಾಗಿ ಕೂರುತ್ತದೆ. ಆದುದರಿಂದ ಪ್ರಬಂಧಕಾರರು ಚೆಲುವಾದ ಚಿತ್ರಗಳ ಜೊತೆಗೆ ಆ ಗಸಿಯ ಚಿತ್ರವನ್ನೂ, ಅದು ಹೇಗೆ ಕೂತಿತೆಂಬುದನ್ನೂ, ಎಷ್ಟು ಗಂಟೆಗಳ ಬಿಸಿಲಿಗೆ ಬಣ್ಣವು ಮಾಸಿತೆಂಬುದನ್ನೂ ಸಭೆಯ ಮುಂದಿಡಬೇಕೆಂದು ಕೇಳಿಕೊಳ್ಳುತ್ತೇನೆ.