ಅಂಚೆಚೀಟಿಯ ಮನೆ ನಂಬರು

ಮಕ್ಕಳೇ, ಇಲ್ಲೊಂದು ಒಗಟು. ಎರಡು ಸೆಂಟಿಮೀಟರ್‌ಗಿಂತ ತುಸು ಕಡಿಮೆ ಅಗಲದ ಒಂದು ಕಪ್ಪು ಅಂಚೆಚೀಟಿ ಇದೆ. ಅದರ ನಡುವೆ ವಿಕ್ಟೋರಿಯಾ ರಾಣಿಯ ಮುಖ, ಕೆಳಗೆ ಒಂದು ಪೆನ್ನಿ ಎಂಬ ಬೆಲೆ. ಕೆಳಗಿನ ಮೂಲೆಗಳಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಿವೆ: ಎಡಕ್ಕೆ ಕೆ, ಬಲಕ್ಕೆ ಡಿ. ದೇಶದ ಹೆಸರಿಲ್ಲ, ಇಸವಿಯಿಲ್ಲ, ಕ್ರಮಸಂಖ್ಯೆಯೂ ಇಲ್ಲ. ಆದರೆ ಬಲ್ಲವರು ಭೂತಗನ್ನಡಿ ಹಿಡಿದು ಸ್ವಲ್ಪ ಹೊತ್ತು ನೋಡಿ, ಇದು ಇಂಥ ಫಲಕದಲ್ಲಿ ಅಚ್ಚಾದ ಹಾಳೆಯ 124ನೆಯ ಚೀಟಿ ಎಂದುಬಿಡುತ್ತಾರೆ. ಅವರಿಗೆ ಅದು ಹೇಗೆ ತಿಳಿಯಿತು?

ಈ ಚೀಟಿಯ ಹೆಸರು ಪೆನ್ನಿ ಬ್ಲ್ಯಾಕ್. ಅಂಟು ಹಚ್ಚಿದ ಅಂಚೆಚೀಟಿಗಳಲ್ಲಿ ದೇಶಕ್ಕೆಲ್ಲ ನಡೆಯುವಂತೆ ಹೊರಬಂದ ಮೊದಲನೆಯದು ಇದೇ. ಅದಕ್ಕೂ ಮುಂಚೆ ಬ್ರಿಟನ್ನಿನಲ್ಲಿ ಕಾಗದ ಎಷ್ಟು ದೂರ ಹೋಗಬೇಕು, ಅದರಲ್ಲಿ ಎಷ್ಟು ಹಾಳೆಗಳಿವೆ ಎಂದು ಲೆಕ್ಕ ಹಾಕಿ ದುಡ್ಡು ಕೇಳುತ್ತಿದ್ದರು. ಹೆಚ್ಚಾಗಿ ಅದನ್ನು ಕೊಡಬೇಕಾಗಿದ್ದವರು ಕಾಗದ ಪಡೆದವರು. ಈ ಗೋಜಲು ಬೇಡ, ಅರ್ಧ ಔನ್ಸ್ ತೂಕದೊಳಗಿನ ಕಾಗದ ಎಲ್ಲಿಗೆ ಹೋದರೂ ಒಂದೇ ಪೆನ್ನಿ ಇರಲಿ, ದುಡ್ಡನ್ನು ಕಳುಹಿಸುವವರೇ ಕೊಡಲಿ ಎಂದು ರೋಲೆಂಡ್ ಹಿಲ್ ಹೇಳಿದರು. 1840ರ ಮೇ 1ರಂದು ಚೀಟಿ ಮಾರಾಟಕ್ಕೆ ಬಂತು, ಮೇ 6ರಿಂದ ಅಧಿಕೃತವಾಗಿ ಚಲಾವಣೆಗೆ ಬಂತು.

ಒಂದು ದೊಡ್ಡ ಹಾಳೆಯಲ್ಲಿ 240 ಚೀಟಿಗಳು ಅಚ್ಚಾಗುತ್ತಿದ್ದವು. ಒಂದು ಸಾಲಿಗೆ 12, ಅಂಥ 20 ಸಾಲು. ಆಗಿನ ಲೆಕ್ಕದಲ್ಲಿ 12 ಪೆನ್ನಿಗೆ ಒಂದು ಷಿಲ್ಲಿಂಗ್, 20 ಷಿಲ್ಲಿಂಗಿಗೆ ಒಂದು ಪೌಂಡ್. ಹೀಗಾಗಿ ಒಂದು ಸಾಲಿಗೆ ಒಂದು ಷಿಲ್ಲಿಂಗ್, ಇಡೀ ಹಾಳೆಗೆ ಒಂದು ಪೌಂಡ್. ಅಂಚೆ ಗುಮಾಸ್ತರಿಗೆ ಲೆಕ್ಕ ಸುಲಭವಾಯಿತು. ಹಾಳೆಯಲ್ಲಿ ಈಗಿನಂತೆ ತೂತುಗಳ ಸಾಲು ಇರಲಿಲ್ಲ, ಚೀಟಿಗಳನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಿದ್ದರು.

ಈಗ ಮೂಲೆಯ ಅಕ್ಷರಗಳಿಗೆ ಬರೋಣ. ಸಿನಿಮಾ ಟಿಕೀಟಿನಲ್ಲಿ ಸಾಲು ಮತ್ತು ಸೀಟು ಬರೆದಿರುತ್ತದಲ್ಲ, ಇದೂ ಹಾಗೆಯೇ. ಎಡಗಡೆಯ ಅಕ್ಷರ ಸಾಲನ್ನು ಹೇಳುತ್ತದೆ, ಬಲಗಡೆಯದು ಆ ಸಾಲಿನಲ್ಲಿ ಎಷ್ಟನೆಯದು ಎಂಬುದನ್ನು. ಮೊದಲ ಚೀಟಿ ಎ–ಎ, ಅದರ ಪಕ್ಕದ್ದು ಎ–ಬಿ. ಎರಡನೆಯ ಸಾಲು ಬಿ–ಎಯಿಂದ ಶುರು. ಕಟ್ಟಕಡೆಯ ಚೀಟಿ ಟಿ–ಎಲ್. ಕೆ ಎಂದರೆ 11ನೆಯ ಅಕ್ಷರ, ಅಂದರೆ 11ನೆಯ ಸಾಲು. ಅದರ ಹಿಂದೆ ಹತ್ತು ತುಂಬಿದ ಸಾಲುಗಳಿವೆ, ಹತ್ತು ಹನ್ನೆರಡಲ 120. ಡಿ ಎಂದರೆ ನಾಲ್ಕನೆಯದು. ಕೂಡಿಸಿ ನೋಡಿ, 124 ಬಂತು! ಹಾಗಾದರೆ ನೂರನೆಯ ಚೀಟಿಯ ಅಕ್ಷರಗಳು ಯಾವುವು? ಮುಂದೆ ಓದುವ ಮೊದಲು ನೀವೇ ಹುಡುಕಿ. ಎಂಟು ಸಾಲು ತುಂಬಿದರೆ 96, ಇನ್ನು ನಾಲ್ಕು ಉಳಿಯಿತು. ಒಂಬತ್ತನೆಯ ಸಾಲಿನ ನಾಲ್ಕನೆಯದು, ಐ–ಡಿ.

ಇಷ್ಟೊಂದು ಅಕ್ಷರ ಯಾಕೆ ಬೇಕಿತ್ತು? ಕಳ್ಳ ಚೀಟಿ ಅಚ್ಚು ಹಾಕುವವರ ಕೈ ಕಟ್ಟುವುದಕ್ಕೆ. ಒಂದೇ ಅಚ್ಚು ಕೆತ್ತಿ ಸಾವಿರ ಚೀಟಿ ಮಾಡಿದರೆ ಎಲ್ಲದರಲ್ಲೂ ಅದೇ ಎರಡು ಅಕ್ಷರ ಬಂದು ಮೋಸ ಬಯಲಾಗುತ್ತಿತ್ತು.

ಒಗಟಿನ ಅರ್ಧ ಬಿಡಿಸಿದೆವು. ಕಷ್ಟದ ಅರ್ಧ ಈಗ ಬರುತ್ತದೆ. ಪೆನ್ನಿ ಬ್ಲ್ಯಾಕ್ ಚೀಟಿಗಳನ್ನು ಅಚ್ಚು ಹಾಕಲು ಒಂದಲ್ಲ, 11 ಉಕ್ಕಿನ ಫಲಕಗಳನ್ನು ಮಾಡಿದ್ದರು. ಅವುಗಳಿಂದ ಹೊರಬಂದ ಚೀಟಿಗಳು 6 ಕೋಟಿ 80 ಲಕ್ಷಕ್ಕೂ ಹೆಚ್ಚು. ಪ್ರತಿ ಫಲಕದಲ್ಲೂ ಒಂದು ಕೆ–ಡಿ ಇದೆ. ನಮ್ಮ ಕೈಯಲ್ಲಿರುವ ಕೆ–ಡಿ ಯಾವ ಫಲಕದ್ದು?

ಇದಕ್ಕೆ ಉತ್ತರ ಬೇಕಿದ್ದರೆ ಫಲಕ ತಯಾರಾದ ಬಗೆಯನ್ನು ತಿಳಿಯಬೇಕು. ಚಾರ್ಲ್ಸ್ ಹೀತ್ ಮತ್ತು ಅವರ ಮಗ ಫ್ರೆಡರಿಕ್ ಸೇರಿ ಮೆತ್ತನೆಯ ಉಕ್ಕಿನ ತುಂಡಿನ ಮೇಲೆ ರಾಣಿಯ ಚಿತ್ರವನ್ನು ಒಂದೇ ಒಂದು ಸಲ ಕೆತ್ತಿದರು. ಅದೇ ಮೂಲ ಅಚ್ಚು. ಕಾಯಿಸಿ, ತಣಿಸಿ ಅದನ್ನು ಗಟ್ಟಿ ಮಾಡಿದರು. ಅದರ ಮೇಲೆ ಮೆತ್ತನೆಯ ಉಕ್ಕಿನ ಉರುಳೆಯನ್ನು ಭಾರೀ ಒತ್ತಡ ಕೊಟ್ಟು ಉರುಳಿಸಿದಾಗ ಚಿತ್ರ ಉರುಳೆಯ ಮೇಲೆ ಉಬ್ಬಿ ನಿಂತಿತು. ಉರುಳೆಯನ್ನೂ ಗಟ್ಟಿ ಮಾಡಿ, ಮೆತ್ತನೆಯ ಫಲಕದ ಮೇಲೆ 240 ಕಡೆ ಒತ್ತಿದರು. ಮೂಲದಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು, ಉರುಳೆಯಲ್ಲಿ ನೆಟ್ಟಗೆ, ಫಲಕದಲ್ಲಿ ಮತ್ತೆ ತಿರುಗುಮುರುಗು, ಕಾಗದದ ಮೇಲೆ ಮತ್ತೆ ನೆಟ್ಟಗೆ! ಈ ವಿಧಾನವನ್ನು ಬೆಳೆಸಿದವರು ಅಮೆರಿಕದಿಂದ ಲಂಡನ್ನಿಗೆ ಬಂದ ಜೇಕಬ್ ಪರ್ಕಿನ್ಸ್. ಚೀಟಿಗಳನ್ನು ಅಚ್ಚು ಹಾಕಿದ್ದು ಅವರ ಹೆಸರಿನ ಪರ್ಕಿನ್ಸ್, ಬೇಕನ್ ಅಂಡ್ ಪೆಚ್ ಕಂಪನಿ.

ಒಂದೇ ಉರುಳೆಯಿಂದ ಬಂದದ್ದರಿಂದ 240 ಮುಖಗಳೂ ಹೆಚ್ಚುಕಡಿಮೆ ಒಂದೇ ತರಹ. ಆದರೆ ಮೂಲ ಅಚ್ಚಿನಲ್ಲಿ ಅಕ್ಷರಗಳ ಜಾಗ ಖಾಲಿ ಇತ್ತು. ಫಲಕ ಸಿದ್ಧವಾದ ಮೇಲೆ ಕೆಲಸಗಾರನೊಬ್ಬ ಅಕ್ಷರದ ಮೊಳೆಯಚ್ಚನ್ನು ಕೈಯಲ್ಲಿ ಹಿಡಿದು, ಸುತ್ತಿಗೆಯಿಂದ ಹೊಡೆದು, ಒಂದೊಂದಾಗಿ ಅಕ್ಷರ ಮೂಡಿಸಬೇಕಿತ್ತು. ಫಲಕಕ್ಕೆ 480 ಅಕ್ಷರ! ಎಷ್ಟೇ ನುರಿತ ಕೈಯಾದರೂ 480 ಸಲವೂ ಕೂದಲೆಳೆಯಷ್ಟೂ ತಪ್ಪದೆ ಹೊಡೆಯಲಾದೀತೇ? ಒಂದು ಫಲಕದ ಕೆ–ಡಿಯಲ್ಲಿ ಕೆ ಅಕ್ಷರ ಚೌಕದ ಎಡಗೆರೆಗೆ ಅಂಟಿಕೊಂಡಿದ್ದರೆ, ಇನ್ನೊಂದರಲ್ಲಿ ನಟ್ಟನಡುವೆ ನಿಂತಿರಬಹುದು, ಮತ್ತೊಂದರಲ್ಲಿ ಕೊಂಚ ವಾಲಿರಬಹುದು. ಕೆಲವೆಡೆ ಎರಡು ಸಲ ಏಟು ಬಿದ್ದು ಅಕ್ಷರವೇ ಜೋಡಿಯಾಗಿದೆ. ಮುಂದೆ ಬಂದ ಕೆಂಪು ಚೀಟಿಯ ಒಂದು ಫಲಕದಲ್ಲಂತೂ ಬಿ–ಎ ಎಂದಿರಬೇಕಾದ ಕಡೆ ಎ ಹೊಡೆಯುವುದನ್ನೇ ಮರೆತು, ಆ ಮೂಲೆ ಖಾಲಿ ಉಳಿದಿದೆ.

ಅಕ್ಷರ ಎಲ್ಲಿದೆ ಎಂದು ಸ್ಕೇಲಿನಿಂದ ಅಳೆದರೆ ಸಾಲದೇ? ಸಾಲದು. ಈ ಅಚ್ಚಿನಲ್ಲಿ ಶಾಯಿ ನಿಲ್ಲುವುದು ಫಲಕದ ತಗ್ಗುಗೆರೆಗಳಲ್ಲಿ. ಅದು ಕಾಗದಕ್ಕೆ ಚೆನ್ನಾಗಿ ಹತ್ತಲಿ ಎಂದು ಕಾಗದವನ್ನು ಒದ್ದೆ ಮಾಡಿ ಒತ್ತುತ್ತಿದ್ದರು. ಒಣಗುವಾಗ ಕಾಗದ ಕುಗ್ಗುತ್ತದೆ, ಎಲ್ಲ ಹಾಳೆಯೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಹೀಗಾಗಿ ಮಿಲಿಮೀಟರಿನ ಲೆಕ್ಕ ಮೋಸ ಮಾಡಬಹುದು. ಅದಕ್ಕೇ ಬಲ್ಲವರು ಅಕ್ಷರ ತನ್ನ ಸುತ್ತಲಿನ ಚೌಕದ ಗೆರೆಗಳಿಗೆ ಹೇಗೆ ಹೊಂದಿಕೊಂಡಿದೆ ಎಂದು ನೋಡುತ್ತಾರೆ. ಕಾಗದ ಕುಗ್ಗಿದರೆ ಅಕ್ಷರವೂ ಚೌಕವೂ ಒಟ್ಟಿಗೇ ಕುಗ್ಗುತ್ತವೆ, ಅವುಗಳ ನಡುವಿನ ಹೊಂದಿಕೆ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ಇನ್ನೊಂದು ಎಚ್ಚರ ಬೇಕು. ಚೀಟಿಯಲ್ಲಿ ಪುಟ್ಟ ಚುಕ್ಕೆಯೊಂದು ಕಂಡಿತು ಎನ್ನೋಣ. ಅದು ಫಲಕದ ಗುರುತೇ? ಒಂದೇ ಚೀಟಿ ನೋಡಿ ಹೇಳಲಾಗದು. ಆ ಹೊತ್ತಿಗೆ ಸಿಡಿದ ಶಾಯಿಯ ಹನಿಯೂ ಆಗಿರಬಹುದು. ಅದೇ ಫಲಕದ ಮತ್ತೊಂದು ಕೆ–ಡಿ ತಂದು ಪಕ್ಕದಲ್ಲಿಡಿ. ಅದೇ ಜಾಗದಲ್ಲಿ ಅದೇ ಚುಕ್ಕೆ ಇದೆಯೇ? ಮೂರನೆಯದರಲ್ಲೂ ಇದೆಯೇ? ಹಾಗಿದ್ದರೆ ಆ ಚುಕ್ಕೆ ಉಕ್ಕಿನಲ್ಲೇ ಇದೆ. ಮತ್ತೆ ಮತ್ತೆ ಕಂಡದ್ದಕ್ಕೆ ಒಂದು ಕಾರಣ ಇರಲೇಬೇಕು. ಒಮ್ಮೆ ಕಂಡು ಮಾಯವಾದದ್ದು ಬರೀ ಆಕಸ್ಮಿಕ ಇರಬಹುದು. ವಿಜ್ಞಾನಿಗಳು ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡುವುದೂ ಇದನ್ನು ತಿಳಿಯುವುದಕ್ಕೇ.

ಫಲಕವೂ ಇದ್ದ ಹಾಗೇ ಇರುವುದಿಲ್ಲ. ಸಾವಿರಾರು ಹಾಳೆ ಒತ್ತಿದ ಮೇಲೆ ಗೆರೆ ಸವೆಯುತ್ತದೆ. ಮೊದಲ ಫಲಕವನ್ನು ಗಟ್ಟಿ ಮಾಡದೆಯೇ ಬಳಸಿದ್ದರಿಂದ ಅದು ಬೇಗ ಸವೆಯಿತು. ಆಗ ಅದೇ ಉರುಳೆಯನ್ನು ಸವೆದ ಚಿತ್ರಗಳ ಮೇಲೆ ಇನ್ನೊಮ್ಮೆ ಒತ್ತಿ ದುರಸ್ತಿ ಮಾಡಿದರು. ಎರಡನೆಯ ಸಲ ಉರುಳೆ ತುಸು ಆಚೀಚೆ ಕೂತರೆ ಗೆರೆಗಳು ಜೋಡಿಯಾಗಿ ಕಾಣುತ್ತವೆ. ಅದೂ ಒಂದು ಗುರುತೇ. ಮೊದಲ ಫಲಕದ ಚೀಟಿ ಸಿಕ್ಕರೆ, ಅದು ದುರಸ್ತಿಗೆ ಮುಂಚಿನದೋ ಆಮೇಲಿನದೋ ಎಂದೂ ಹೇಳುತ್ತಾರೆ.

ಊಹೆ ಸರಿಯೇ ಎಂದು ಪರೀಕ್ಷಿಸಲು ಒಂದು ಸೊಗಸಾದ ದಾರಿ ಇದೆ. ಕಪ್ಪು ಚೀಟಿಯ ಮೇಲೆ ಹೊಡೆದ ಅಂಚೆಮುದ್ರೆಯನ್ನು ಅಳಿಸಿ, ಚೀಟಿಯನ್ನು ಮತ್ತೆ ಬಳಸುತ್ತಾರೆಂಬ ಭಯದಿಂದ 1841ರಲ್ಲಿ ಚೀಟಿಯ ಬಣ್ಣವನ್ನು ಕೆಂಪುಗಂದಿಗೆ ಬದಲಾಯಿಸಿದರು. ಆದರೆ ಹಳೆಯ ಫಲಕಗಳಲ್ಲಿ ಕೆಲವನ್ನು ಹಾಗೇ ಮುಂದುವರಿಸಿದರು. ಹೀಗಾಗಿ ಒಂದೇ ಫಲಕದ ಒಂದೇ ಜಾಗದಿಂದ ಒಂದು ಕಪ್ಪು ಕೆ–ಡಿ, ಒಂದು ಕೆಂಪು ಕೆ–ಡಿ ಸಿಗುತ್ತವೆ. ಶಾಯಿ ಬೇರೆ, ದಿನ ಬೇರೆ, ಆದರೆ ಅಕ್ಷರದ ಅದೇ ಓರೆ ಎರಡರಲ್ಲೂ ಕಂಡರೆ ಗುರುತು ಗಟ್ಟಿಯಾಯಿತು.

ಇಂಥ ಹೋಲಿಕೆಗಳನ್ನೆಲ್ಲ ಕೂಡಿಸಿ ಚಾರ್ಲ್ಸ್ ನಿಸೆನ್ ಎಂಬುವರು 1922ರಲ್ಲಿ ಪೆನ್ನಿ ಬ್ಲ್ಯಾಕ್ ಫಲಕಗಳ ಬಗ್ಗೆ ಒಂದು ಪುಸ್ತಕವನ್ನೇ ತಂದರು. ಕತ್ತರಿಸದೆ ಒಟ್ಟಿಗೇ ಉಳಿದ ಜೋಡಿಗಳೂ ಸಾಲುಗಳೂ ಈ ಕೆಲಸದಲ್ಲಿ ಬಹಳ ನೆರವಾಗುತ್ತವೆ. ಕೆ–ಡಿಯ ಫಲಕ ಗೊತ್ತಾದರೆ, ಅದಕ್ಕೆ ಅಂಟಿಕೊಂಡ ಕೆ–ಇಯ ಫಲಕವೂ ತಾನೇ ಗೊತ್ತಾಗುತ್ತದಲ್ಲ! 1864ರಿಂದ ಒಂದು ಪೆನ್ನಿಯ ಕೆಂಪು ಚೀಟಿಗಳ ಅಂಚಿನ ಬಳ್ಳಿಚಿತ್ತಾರದಲ್ಲಿ ಫಲಕದ ಸಂಖ್ಯೆಯನ್ನೇ ಸಣ್ಣದಾಗಿ ಕೆತ್ತತೊಡಗಿದರು. ಅವುಗಳ ಮಟ್ಟಿಗೆ ಈ ಒಗಟು ಇಲ್ಲ.

ಈ ವಿದ್ಯೆಯನ್ನು ಪರೀಕ್ಷಿಸಲು ನಿಮಗೆ ಪೆನ್ನಿ ಬ್ಲ್ಯಾಕ್ ಬೇಕಿಲ್ಲ. ಶಾಲೆಯ ಗ್ರಂಥಾಲಯದ ಹತ್ತಾರು ಪುಸ್ತಕಗಳ ಮೇಲೆ ಬಿದ್ದಿರುವ ರಬ್ಬರ್ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ. ಯಾವ ಅಕ್ಷರದ ತುದಿ ಮುರಿದಿದೆ? ಎಲ್ಲಿ ಗೆರೆ ತುಂಡಾಗಿದೆ? ಕಂಡದ್ದನ್ನೆಲ್ಲ ಪಟ್ಟಿ ಮಾಡಿ, ಒಂದೇ ಪುಸ್ತಕದಲ್ಲಿ ಕಂಡದ್ದನ್ನು ಹೊಡೆದುಹಾಕಿ, ಹಲವು ಪುಸ್ತಕಗಳಲ್ಲಿ ಮರುಕಳಿಸಿದ್ದನ್ನು ಉಳಿಸಿಕೊಳ್ಳಿ. ಆಮೇಲೆ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿ: ನಿಮ್ಮ ಗ್ರಂಥಾಲಯ ಇಷ್ಟು ವರ್ಷ ಬಳಸಿದ್ದು ಒಂದೇ ಮುದ್ರೆಯನ್ನೋ, ಎರಡನ್ನೋ? ಎರಡಾದರೆ, ಯಾವುದು ಹಳೆಯದು?