ತಾನಾಗಿ ಮೌನ ತಾಳುವ ರೇಡಿಯೋ



ವಾರ್ತೆ ಅರ್ಧಕ್ಕೆ ಬಂದಿರುತ್ತದೆ, ಇಲ್ಲವೇ ಗಾಯಕರು ತಾರಷಡ್ಜದ ಹೊಸ್ತಿಲಲ್ಲಿರುತ್ತಾರೆ. ಆಗಲೇ ಕಾರಿನ ರೇಡಿಯೋ ಮೂಕವಾಗುತ್ತದೆ. ನಾವು ಮಾಡುವ ಮೊದಲ ಕೆಲಸವೆಂದರೆ ಅದಕ್ಕೊಂದು ಗುದ್ದು ಕೊಡುವುದು. ಎರಡನೆಯದು, ಹೊಸದರ ಬೆಲೆ ವಿಚಾರಿಸುವುದು. ಕನ್ನಡ ಪಾಠ ಹೇಳುವವನಿಗೆ ತಂತಿಗಳ ಗೊಡವೆ ಏಕೆಂದು ನೀವು ಕೇಳಬಹುದು. ವಾಕ್ಯದ ಅರ್ಥ ಹೊಳೆಯದಿದ್ದಾಗ ಯಾರು, ಯಾವಾಗ, ಎಲ್ಲಿ, ಯಾವುದರಿಂದ ಎಂದು ಪ್ರಶ್ನೆ ಹಾಕಿಕೊಳ್ಳುವಂತೆ ನಾವು ಮಕ್ಕಳಿಗೆ ಕಲಿಸುತ್ತೇವಷ್ಟೆ. ರೇಡಿಯೋದ ಮುಂದೆಯೂ ಆ ಪ್ರಶ್ನೆಗಳೇ ನಡೆಯುತ್ತವೆ.

ಮೊದಲು ನೋಡತಕ್ಕದ್ದು, ಮುಖದ ದೀಪ ಉರಿಯುತ್ತಿದೆಯೇ ಎಂಬುದನ್ನು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ದೀಪವಿದ್ದೂ ಧ್ವನಿ ಕರಗಿದರೆ ತಪ್ಪು ಪೆಟ್ಟಿಗೆಯದಲ್ಲ, ಎಫ್.ಎಂ. ಅಲೆಗೆ ಬೆಟ್ಟ ಅಡ್ಡ ನಿಂತಿದೆ. ದೀಪವೂ ಆರಿದರೆ ಮಾತ್ರ ವಿದ್ಯುತ್ತಿನ ದಾರಿಯನ್ನು ಹುಡುಕಬೇಕು.

ಹೊರಗಿನಿಂದ ತಂದು ಕೂರಿಸಿದ ರೇಡಿಯೋಗಳಿಗೆ ಸಾಮಾನ್ಯವಾಗಿ ಮೂರು ಮುಖ್ಯ ತಂತಿಗಳು. ಹಳದಿಯದು ಬ್ಯಾಟರಿಯಿಂದ ಸದಾ ವಿದ್ಯುತ್ತು ತರುತ್ತದೆ. ಗಡಿಯಾರ, ನಿಲಯಗಳ ನೆನಪು ಇದರ ಪಾಲು. ಕೆಂಪಿನದು ಕೀಲಿ ತಿರುಗಿಸಿದಾಗ ಮಾತ್ರ ಜೀವ ತಳೆಯುತ್ತದೆ. ಕಪ್ಪು ತಂತಿ ಕಾರಿನ ಲೋಹದ ಮೈಗೆ ಸೇರುವ ಅರ್ತ್. ಎಂಜಿನ್ ನಿಲ್ಲಿಸಿದಾಗಲೆಲ್ಲ ನೆನಪು ಅಳಿಸಿಹೋಗುತ್ತಿದ್ದರೆ ಹಳದಿಗೆ ನಿತ್ಯದ ವಿದ್ಯುತ್ತು ಸಿಕ್ಕುತ್ತಿಲ್ಲ. ಅನೇಕ ವೇಳೆ ಹಳದಿ ಕೆಂಪುಗಳು ಅದಲುಬದಲಾಗಿರುತ್ತವೆ. ಎಂಜಿನ್ ಚಾಲೂ ಮಾಡುವ ಕ್ಷಣದಲ್ಲಿ ಒಮ್ಮೆ ಕಣ್ಣು ಮುಚ್ಚಿ ತೆರೆದರೆ ಚಿಂತೆಯಿಲ್ಲ, ಅದು ಸಹಜ.

ನನ್ನ ಬಂಧುಗಳೊಬ್ಬರ ಕಾರು ರಸ್ತೆಯ ಉಬ್ಬು ದಾಟಿದಾಗಲೆಲ್ಲ ರೇಡಿಯೋ ನಿಲ್ಲುತ್ತಿತ್ತು. ಅಂಗಡಿಯವರು ಹೊಸದನ್ನೇ ಹಾಕಿಸಿರೆಂದರು. ಕೊನೆಗೆ ತಿಳಿದದ್ದಿಷ್ಟು: ಕಪ್ಪು ತಂತಿಯ ತಿರುಪು ಬಣ್ಣದ ಪದರದ ಮೇಲೆ ಸಡಿಲವಾಗಿ ಕೂತಿತ್ತು. ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮಾಡಿ, ತಿರುಪು ಬಿಗಿದರು. ಖರ್ಚು ಒಂದು ಕಾಫಿಯದು. ಕುಲುಕಿದಾಗ ನಿಲ್ಲುವ ರೇಡಿಯೋದಲ್ಲಿ ಮೊದಲು ಶಂಕಿಸಬೇಕಾದದ್ದು ಸಡಿಲ ಬೆಸುಗೆಯನ್ನೇ.

ಧ್ವನಿ ಏರಿಸಿದಾಗ ನಿಲ್ಲುವುದು ಬೇರೆ ಜಾತಿಯ ರೋಗ. ಒಳ್ಳೆಯ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಓಡುವಾಗ ಸುಮಾರು 14. ಬ್ಯಾಟರಿ ಬಡವಾಗಿದ್ದರೆ ದೊಡ್ಡ ಧ್ವನಿಯ ಭಾರಕ್ಕೆ ವೋಲ್ಟ್ ಕುಸಿಯುತ್ತದೆ, ರೇಡಿಯೋ ಕೈಚೆಲ್ಲುತ್ತದೆ. ಇನ್ನೊಂದು ಕಾರಣ ಬಾಗಿಲಿನ ಸಂದಿಯಲ್ಲಿ ಅಡಗಿರುತ್ತದೆ. ಸ್ಪೀಕರಿನ ತಂತಿ ಅಲ್ಲಿ ಸಾವಿರ ಸಲ ಮಡಿಚಿ, ಸವೆದು, ಬೆತ್ತಲಾಗಿ ಲೋಹಕ್ಕೆ ತಾಗುತ್ತದೆ. ಆಗ ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಂತುಬಿಡುತ್ತದೆ. ಇದು ಕೆಟ್ಟುಹೋದ ಲಕ್ಷಣವಲ್ಲ, ಕೆಡದಿರಲು ಮಾಡಿದ ಉಪಾಯ.

ಫ್ಯೂಸಿನದೂ ಇದೇ ಧರ್ಮ. 10 ಆಂಪಿಯರಿನದು ಮತ್ತೆಮತ್ತೆ ಸುಡುತ್ತದೆಂದು 30ರದನ್ನು ಸಿಕ್ಕಿಸುವವರನ್ನೂ, ಸಿಗರೇಟು ಡಬ್ಬಿಯ ಬೆಳ್ಳಿಕಾಗದ ಸುತ್ತುವ ಮಹಾಶಯರನ್ನೂ ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿರಿ. ಫ್ಯೂಸು ಸುಡದಿದ್ದರೆ ತಂತಿ ಸುಡುತ್ತದೆ. ತಂತಿಯ ಪಕ್ಕದಲ್ಲಿ ಪ್ಲಾಸ್ಟಿಕ್ಕು, ಹಾಸುಬಟ್ಟೆ, ನಮ್ಮ ಮಕ್ಕಳು. ಎರಡನೆಯ ಸಲ ಸುಟ್ಟರೆ ಅದೇ ಅಳತೆಯ ಫ್ಯೂಸನ್ನೂ ಹಾಕದೆ ಬಲ್ಲವರಿಗೆ ತೋರಿಸುವುದು ಮೇಲು.

ಮನೆಯ ರಿಸೀವರು ಒಂದು ಗಂಟೆ ಹಾಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಹಾಡುವುದುಂಟು. ಅದರ ಮೇಲೊಂದು ಕಸೂತಿಯ ಹೊದಿಕೆ, ಹೊದಿಕೆಯ ಮೇಲೊಂದು ಹಿತ್ತಾಳೆಯ ಗಣಪತಿ ಇರುತ್ತಾನೆ! ಹಳೆಯ ವಾಲ್ವ್ ರೇಡಿಯೋಗಳ ಬೆನ್ನಿಗೆ ತೂತುಗಳಿದ್ದದ್ದು ಬಿಸಿ ಹೊರಹೋಗಲೆಂದೇ. ಇಂದಿನವಕ್ಕೂ ಮೇಲೆ, ಹಿಂದೆ ಗಾಳಿಯಾಡಬೇಕು. ಗಣಪತಿಯನ್ನು ಪಕ್ಕದ ಗೂಡಿಗೆ ಬಿಜಯಂಗೈಸಿ. 8 ಓಮಿನ ಸ್ಪೀಕರಿಗೆಂದು ಮಾಡಿದ ಯಂತ್ರಕ್ಕೆ 4 ಓಮಿನದನ್ನು ಜೋಡಿಸಿದರೆ ಅದೇ ಧ್ವನಿಮಟ್ಟಕ್ಕೆ ಇಮ್ಮಡಿ ವಿದ್ಯುತ್ತು ಹರಿದು ಅದು ಬೇಗ ಕಾಯುತ್ತದೆ.

ಬಿಸಿಯೂ ಇಲ್ಲ, ತಂತಿಯೂ ಗಟ್ಟಿಯಿದೆ, ಆದರೂ ಮೆಲ್ಲಗೆ ಹಾಡುವಾಗ ಪ್ರತಿಸಲವೂ ಲೆಕ್ಕವಿಟ್ಟಂತೆ ಅಷ್ಟೇ ನಿಮಿಷಕ್ಕೆ ನಿಲ್ಲುತ್ತದೆಯೇ? ಯಾರೂ ಕೇಳುತ್ತಿಲ್ಲವೆಂದು ಭಾವಿಸಿ ತಾನೇ ಮಲಗುವ ಏರ್ಪಾಡು ಹೊಸ ರಿಸೀವರುಗಳಲ್ಲಿದೆ. ಜೊತೆಗೆ ಕೊಟ್ಟ ಪುಸ್ತಕದಲ್ಲಿ ‘ಆಟೋ ಸ್ಟ್ಯಾಂಡ್‌ಬೈ’ ಎಂಬ ಪುಟವನ್ನು ತೆರೆದು, ಅದನ್ನು ತಪ್ಪಿಸುವ ಬಗೆಯನ್ನು ನೋಡಿಕೊಳ್ಳಿರಿ.